ಬೆನ್ನುನೋವಿಗೂ ಜಾತಿ ಇದೆ

ಬೆನ್ನುಮೂಳೆಯ ಗೆಡ್ಡೆಗೆ ರೋಬೋಟ್ ಆಪರೇಷನ್ ಅಂತ ಖಾಸಗಿ ಆಸ್ಪತ್ರೆಗಳ ಜಾಹೀರಾತು ಜೋರಾಗಿದೆ. ಒಳ್ಳೇದೇ. ವಿಜ್ಞಾನ ಬರಲಿ, ನಮ್ಮ ಕೇರಿಗೂ ಬರಲಿ. ಆದರೆ ಆ ರೋಬೋಟ್ ಏನು ಮಾಡುತ್ತೆ ಅಂತ ಮೊದಲು ತಿಳ್ಕೊಳ್ಳೋಣ ಗೆಳೆಯರೇ.

ಗೆಡ್ಡೆ ತೆಗೆಯೋದು ಸಾಮಾನ್ಯವಾಗಿ ಸರ್ಜನ್ ಕೈಯೇ. ಗೆಡ್ಡೆ ತಿಂದು ಸಡಿಲಾದ ಮೂಳೆಗೆ ಆಸರೆಯಾಗಿ ಸ್ಕ್ರೂ, ರಾಡ್ ಹಾಕ್ತಾರೆ. ಸ್ಕ್ರೂ ಸ್ವಲ್ಪ ದಾರಿ ತಪ್ಪಿದರೂ ನರಕ್ಕೆ ಪೆಟ್ಟು. ಸ್ಕ್ಯಾನ್ ನೋಡಿ ಹಾಕಿದ ಲೆಕ್ಕದಂತೆ ಆ ಸ್ಕ್ರೂಗೆ ದಾರಿ ತೋರಿಸೋದು ರೋಬೋಟ್ ತೋಳು. ಅಷ್ಟು ದೊಡ್ಡ ಉಪಕಾರ ಅದರಿಂದ ಇದೆ.

ಆದರೆ ರೋಗಿ ಮತ್ತೆ ನಡೀತಾರಾ ಅನ್ನೋದು ಹೆಚ್ಚಾಗಿ ನಿಂತಿರೋದು, ಅವರು ಎಷ್ಟು ಬೇಗ ಬಂದರು ಅನ್ನೋದರ ಮೇಲೆ. 2005ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಅಧ್ಯಯನ ನೋಡಿ. ಕ್ಯಾನ್ಸರ್ ಹರಡಿ ಬೆನ್ನುಹುರಿ ಒತ್ತಿಹೋಗಿದ್ದ 101 ಜನ. ಆಪರೇಷನ್ ಮತ್ತು ರೇಡಿಯೇಷನ್ ಎರಡೂ ಸಿಕ್ಕವರಲ್ಲಿ ಶೇ. 84 ಮಂದಿ ನಡೆದಾಡಿದರು. ಬರೀ ರೇಡಿಯೇಷನ್ ಸಿಕ್ಕವರಲ್ಲಿ ಶೇ. 57. ರೋಬೋಟ್ ಇಲ್ಲದೇನೇ! ಆದರೆ ಕಾಲಿನ ಸ್ವಾಧೀನ ಪೂರ್ತಿ ಹೋಗಿ 48 ಗಂಟೆ ದಾಟಿದವರನ್ನು ಆ ಅಧ್ಯಯನಕ್ಕೆ ಸೇರಿಸಿಕೊಳ್ಳಲೇ ಇಲ್ಲ.

ಈ 48 ಗಂಟೆ ಯಾರ ಹತ್ರ ಇದೆ? ಇಟ್ಟಿಗೆ ಹೊರುವ ಅಕ್ಕ, ಮೂಟೆ ಎತ್ತುವ ಅಣ್ಣ, ಬೀದಿ ಗುಡಿಸುವ ಅವ್ವ ಬೆನ್ನುನೋವು ಅಂದ್ರೆ 'ಕೂಲಿ ಮಾಡೋರಿಗೆ ಇದ್ದಿದ್ದೇ' ಅಂತ ನಾಲ್ಕು ಮಾತ್ರೆ ಕೊಟ್ಟು ಕಳಿಸ್ತಾರೆ. ತಲೆಮಾರುಗಳಿಂದ ನಮ್ಮ ಬೆನ್ನು ಇರೋದೇ ಹೊರೋಕೆ ಅಂದುಕೊಂಡ ಸಮಾಜಕ್ಕೆ, ಆ ಬೆನ್ನಲ್ಲಿ ರೋಗ ಇರಬಹುದು ಅಂತ ಹೊಳೆಯೋದೇ ಇಲ್ಲ. ರೋಬೋಟ್‌ಗೆ ಜಾತಿ ಗೊತ್ತಿಲ್ಲ ನಿಜ. ಅದರ ತನಕ ಹೋಗೋ ದಾರಿಗೆ ಚೆನ್ನಾಗಿ ಗೊತ್ತು.

ಮಲಗಿದರೂ ಬಿಡದ ರಾತ್ರಿ ನೋವು, ಕಾಲು ಸೋಲೋದು, ಜೋಮು, ಉಚ್ಚೆ ಕಟ್ಟೋದು ಅಥವಾ ತಡೆಯೋಕಾಗದೇ ಇರೋದು: ಇವು ಕಂಡರೆ ಮಾತ್ರೆ ಸಾಲದು, ಎಂಆರ್‌ಐ ಬೇಕು. ಕ್ಯಾನ್ಸರ್ ರೋಗಿಯಲ್ಲಿ ಬೆನ್ನುಹುರಿ ಒತ್ತಿರೋ ಲಕ್ಷಣ ಕಂಡರೆ 24 ಗಂಟೆಯೊಳಗೆ ಎಂಆರ್‌ಐ ಆಗಲೇಬೇಕು ಅಂತ ಬ್ರಿಟನ್ನಿನ ಮಾರ್ಗಸೂಚಿ ಹೇಳುತ್ತೆ.

ನಮ್ಮ ಬೇಡಿಕೆಯೂ ಅದೇ ಆಗಲಿ. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆ ಮೇಲೆ ಈ ಲಕ್ಷಣಗಳ ಪಟ್ಟಿ. ಜಿಲ್ಲಾಸ್ಪತ್ರೆಯಲ್ಲಿ ಅವತ್ತೇ ಉಚಿತ ಎಂಆರ್‌ಐ. ಅವತ್ತೇ ರೆಫರಲ್ ಚೀಟಿ, ಆಂಬುಲೆನ್ಸ್. ಸರ್ಕಾರಿ ಆಸ್ಪತ್ರೆಗೆ ರೋಬೋಟ್ ಕೂಡ ಬರಲಿ, ಅದೂ ನಮ್ಮ ಹಕ್ಕೇ. ಆದರೆ ಇದ್ಯಾವುದೂ ಇಲ್ಲದೆ ಬರೀ ರೋಬೋಟ್ ತಂದು ರಿಬ್ಬನ್ ಕತ್ತರಿಸಿದರೆ, ಅದು ನಡೆಸೋದು ಮೊದಲಿಂದಲೂ ನಡೀತಿದ್ದವರನ್ನೇ.

ಜೈ ಭೀಮ್.