ತಪ್ಪು ಉತ್ತರದೊಳಗೆ ಏನಿದೆ?

ಟಿಇಟಿಗೆ ಓದುತ್ತಿರುವವರನ್ನು ನಡುರಾತ್ರಿ ಎಬ್ಬಿಸಿ ಕೇಳಿದರೂ ಪಿಯಾಜೆಯ ನಾಲ್ಕು ಹಂತಗಳನ್ನು ತಡವರಿಸದೆ ಹೇಳುತ್ತಾರೆ. ಸಂವೇದನಾ ಚಾಲಕ ಹಂತ ಎರಡು ವರ್ಷದವರೆಗೆ, ಕಾರ್ಯಪೂರ್ವ ಹಂತ ಏಳರವರೆಗೆ, ಮೂರ್ತ ಕಾರ್ಯಗಳ ಹಂತ ಹನ್ನೊಂದರವರೆಗೆ, ಆಮೇಲೆ ಔಪಚಾರಿಕ ಕಾರ್ಯಗಳ ಹಂತ. ಮರೆಯಬಾರದೆಂದು ಮೊದಲಕ್ಷರ ಜೋಡಿಸಿ ‘ಸಂ-ಕಾ-ಮೂ-ಔ’ ಎಂದು ಜಪ ಮಾಡುವವರೂ ನಮ್ಮಲ್ಲಿದ್ದಾರೆ. ಕೊಹ್ಲ್‌ಬರ್ಗ್ ಎಂದರೆ ನೈತಿಕತೆ, ಎರಿಕ್‌ಸನ್ ಎಂದರೆ ಎಂಟು ಹಂತ, ಪಾವ್ಲೋವ್ ಎಂದರೆ ನಾಯಿ, ಥಾರ್ನ್‌ಡೈಕ್ ಎಂದರೆ ಬೆಕ್ಕು, ಕೊಹ್ಲರ್ ಎಂದರೆ ಚಿಂಪಾಂಜಿ. ಇಷ್ಟೊಂದು ಪ್ರಾಣಿಗಳ ನಡುವೆ ಮಗು ಎಲ್ಲಿ ಕಳೆದುಹೋಯಿತು ಎನ್ನುವುದೇ ನನ್ನ ತಕರಾರು.

ಓದುವವರನ್ನು ನಾನು ಹಂಗಿಸುತ್ತಿಲ್ಲ. ನಾನೂ ಅದೇ ಸಾಲಿನಲ್ಲಿ ನಿಂತವಳು. ಪತ್ರಿಕೆಯ 150 ಅಂಕಗಳಲ್ಲಿ 30 ಅಂಕ ಶಿಶು ವಿಕಾಸ ಮತ್ತು ಬೋಧನಾ ಶಾಸ್ತ್ರಕ್ಕೆ. ಸಾಮಾನ್ಯ ವರ್ಗದವರು ಪಾಸಾಗಲು 90 ಬೇಕು. 89 ಬಂದವರ ಮನೆಯಲ್ಲಿ ಆ ದಿನ ಹೇಗಿರುತ್ತದೆ ಎಂದು ಈ ಪುಟ ಓದುವ ಬಹಳಷ್ಟು ಜನರಿಗೆ ಗೊತ್ತು. ಅಂಕ ಬೇಕು, ಕೆಲಸ ಬೇಕು. ಆದರೆ ಆ ಮೂವತ್ತು ಅಂಕಗಳನ್ನು ಇಟ್ಟಿದ್ದು ಏಕೆ? ಟಿಇಟಿ ಬಗ್ಗೆ ಎನ್‌ಸಿಟಿಇ 2011ರಲ್ಲಿ ಹೊರಡಿಸಿದ ಮಾರ್ಗಸೂಚಿ ಅದನ್ನು ನೇರವಾಗಿಯೇ ಹೇಳುತ್ತದೆ: ಈ ಭಾಗದ ಪ್ರಶ್ನೆಗಳು ಭಿನ್ನ ಭಿನ್ನ ಕಲಿಕಾರ್ಥಿಗಳ ಸ್ವಭಾವ ಮತ್ತು ಅಗತ್ಯಗಳನ್ನು ಅರ್ಥ ಮಾಡಿಕೊಳ್ಳುವುದರ ಕುರಿತು ಇರಬೇಕು. ಯಾವ ಹಂತಕ್ಕೆ ಯಾವ ಹೆಸರು ಎಂದು ಒಪ್ಪಿಸುವುದಕ್ಕೂ ಇದಕ್ಕೂ ದೂರದ ಸಂಬಂಧ ಮಾತ್ರ.

ಪಿಯಾಜೆಯ ಕೆಲಸ ಶುರುವಾದ ಬಗೆಯೇ ನಮ್ಮ ಓದಿಗೆ ತದ್ವಿರುದ್ಧ. 1920ರ ಆಸುಪಾಸಿನಲ್ಲಿ ಈ ಸ್ವಿಸ್ ತರುಣ ಪ್ಯಾರಿಸ್‌ನಲ್ಲಿದ್ದ. ಆಲ್ಫ್ರೆಡ್ ಬಿನೆಯ ಜೊತೆ ಬುದ್ಧಿ ಪರೀಕ್ಷೆ ರೂಪಿಸಿದ್ದ ಸಿಮೋನ್ ಅವನಿಗೆ ಒಂದು ಕೆಲಸ ಒಪ್ಪಿಸಿದರು. ಇಂಗ್ಲಿಷ್‌ನಲ್ಲಿ ಸಿದ್ಧವಾಗಿದ್ದ ತಾರ್ಕಿಕ ಪ್ರಶ್ನೆಗಳನ್ನು ಪ್ಯಾರಿಸ್‌ನ ಮಕ್ಕಳಿಗೆ ಕೇಳಿ, ಎಷ್ಟು ಮಕ್ಕಳು ಸರಿ ಹೇಳುತ್ತಾರೆಂದು ಲೆಕ್ಕ ಹಾಕುವುದು ಆ ಕೆಲಸ. ಬೇಸರದ ಕೆಲಸವೇ. ಆದರೆ ಅವನ ಗಮನ ಸರಿ ಉತ್ತರಗಳ ಕಡೆ ಹೋಗಲೇ ಇಲ್ಲ. ಒಂದೇ ವಯಸ್ಸಿನ ಮಕ್ಕಳು ಒಂದೇ ಥರ ತಪ್ಪು ಮಾಡುತ್ತಾರಲ್ಲ, ಏಕೆ? ಆ ತಪ್ಪಿನ ಹಿಂದೆ ಯಾವ ಲೆಕ್ಕಾಚಾರ ನಡೆದಿದೆ? ಎಂದು ಅವನು ಮಕ್ಕಳನ್ನು ಕೂರಿಸಿಕೊಂಡು ಮಾತನಾಡಿಸತೊಡಗಿದ. ನಾವು ಕಂಠಪಾಠ ಮಾಡುವ ಆ ನಾಲ್ಕು ಹಂತಗಳ ಬೇರು ಇರುವುದು ಅಲ್ಲಿ, ಮಕ್ಕಳ ತಪ್ಪು ಉತ್ತರಗಳನ್ನು ತಾಳ್ಮೆಯಿಂದ ಕೇಳಿಸಿಕೊಂಡಿದ್ದರಲ್ಲಿ. ಅಂಥವನನ್ನು ತಂದು ನಾಲ್ಕು ಆಯ್ಕೆಗಳಲ್ಲಿ ಒಂದೇ ಸರಿ ಇರುವ ಪ್ರಶ್ನೆಯೊಳಗೆ ಕೂರಿಸಿದ್ದೇವೆ.

ನಮ್ಮ ಮಕ್ಕಳ ತಪ್ಪುಗಳನ್ನೇ ನೋಡಿ. ಬೋಧನಾಭ್ಯಾಸಕ್ಕೆ ಹೋಗಿದ್ದ ಶಾಲೆಯಲ್ಲಿ ಮೂರನೇ ತರಗತಿಯ ಹುಡುಗಿಯೊಬ್ಬಳು ‘ನೂರ ಐದು’ ಬರೆ ಎಂದರೆ 1005 ಎಂದು ಬರೆಯುತ್ತಿದ್ದಳು. ಅವಳ ಪಾಲಿಗೆ ಅದು ಸರಿಯೇ. ಕಿವಿಗೆ ಮೊದಲು ನೂರು ಕೇಳಿಸಿತು, 100 ಬರೆದಳು. ಆಮೇಲೆ ಐದು ಕೇಳಿಸಿತು, ಪಕ್ಕದಲ್ಲಿ 5 ಇಟ್ಟಳು. ಮಾತಿನ ಕ್ರಮ ಅವಳಿಗೆ ಬಂದಿದೆ, ಸ್ಥಾನಬೆಲೆ ಇನ್ನೂ ಬಂದಿಲ್ಲ. ಒಂದನೇ ತರಗತಿಯ ಮಗು ಇಪ್ಪತ್ತೊಂಬತ್ತು ಆದಮೇಲೆ ‘ಇಪ್ಪತ್ತಹತ್ತು’ ಎನ್ನುವುದನ್ನು ಎಲ್ಲರೂ ಕೇಳಿ ನಕ್ಕಿದ್ದೇವೆ. ಆ ಪದವನ್ನು ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ, ನಿಯಮವೊಂದನ್ನು ತಾನೇ ಕಂಡುಕೊಂಡು ಕಟ್ಟಿದ್ದು ಅದು. 42ರಲ್ಲಿ 17 ಕಳೆದರೆ 35 ಎಂದು ಬರೆಯುವವನು ಎರಡರಲ್ಲಿ ಏಳು ಹೋಗದ್ದರಿಂದ ಏಳರಲ್ಲಿ ಎರಡು ಕಳೆದಿದ್ದಾನೆ. ಈ ಮೂರಕ್ಕೂ ಕೆಂಪು ಶಾಯಿಯ ಅಡ್ಡಗೆರೆ ಒಂದೇ. ಆದರೆ ಮೂವರಿಗೂ ಬೇಕಾದ ಪಾಠ ಬೇರೆ ಬೇರೆ.

ಪಿಯಾಜೆ ಹೇಳಿದ್ದೆಲ್ಲ ಕೊನೆಯ ಮಾತೂ ಅಲ್ಲ. ಗೈಡ್‌ಗಳು ಈ ವಿಷಯವನ್ನು ಹೇಳುವುದು ಕಡಿಮೆ. ಎರಡು ಸಾಲಲ್ಲಿ ಸಮನಾಗಿ ಬಿಲ್ಲೆಗಳನ್ನಿಟ್ಟು, ಯಾವುದರಲ್ಲಿ ಹೆಚ್ಚಿದೆ ಎಂದು ಮಗುವನ್ನು ಕೇಳುತ್ತಾರೆ. ಎರಡೂ ಒಂದೇ ಎನ್ನುತ್ತದೆ. ಆಮೇಲೆ ಒಂದು ಸಾಲನ್ನು ಅಗಲಿಸಿ ಮತ್ತೆ ಅದೇ ಪ್ರಶ್ನೆ ಕೇಳಿದರೆ, ಐದಾರು ವರ್ಷದ ಮಕ್ಕಳಲ್ಲಿ ಹೆಚ್ಚಿನವರು ಉದ್ದ ಸಾಲಿನಲ್ಲೇ ಹೆಚ್ಚಿದೆ ಎನ್ನುತ್ತಾರೆ. ಅವರಿಗೆ ‘ಸಂರಕ್ಷಣೆ’ಯ ಪರಿಕಲ್ಪನೆ ಇನ್ನೂ ಬಂದಿಲ್ಲ ಎಂಬುದು ಪಿಯಾಜೆಯ ತೀರ್ಮಾನ. 1974ರಲ್ಲಿ ಮೆಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಇದನ್ನೇ ಸ್ವಲ್ಪ ಬದಲಿಸಿ ನೋಡಿದರು. ಸಾಲನ್ನು ದೊಡ್ಡವರು ಅಗಲಿಸಲಿಲ್ಲ, ತುಂಟ ಗೊಂಬೆಕರಡಿಯೊಂದು ಬಂದು ಕೆಡಿಸಿದಂತೆ ಮಾಡಿದರು. ಈ ಸಲ ಸರಿ ಹೇಳಿದ ಮಕ್ಕಳು ಎಷ್ಟೋ ಹೆಚ್ಚು.

ಇದನ್ನು ಓದಿದಾಗ ನನಗೆ ನಮ್ಮ ತರಗತಿಗಳು ನೆನಪಾದವು. ಮೇಷ್ಟ್ರು ಒಂದೇ ಪ್ರಶ್ನೆಯನ್ನು ಎರಡನೇ ಸಲ ಕೇಳಿದರು ಎಂದರೆ ಮಗು ಏನು ತಿಳಿಯುತ್ತದೆ? ‘ಹೌದಾ? ಸರಿಯಾಗಿ ನೋಡು’ ಎಂದರೆ ಸಾಕು, ಸರಿ ಹೇಳಿದವನೂ ಉತ್ತರ ಬದಲಿಸಿಬಿಡುತ್ತಾನೆ. ಅವನು ಆಗ ಬಿಡಿಸುತ್ತಿರುವುದು ಲೆಕ್ಕವನ್ನಲ್ಲ, ಮೇಷ್ಟ್ರ ಮುಖವನ್ನು. ಅದನ್ನು ಅವನ ಬುದ್ಧಿಯ ಅಳತೆ ಎಂದು ನಾವು ಅಂಕಪಟ್ಟಿಯಲ್ಲಿ ಬರೆದಿಡುತ್ತೇವೆ.

ಭಾಷೆಯದು ಇನ್ನೊಂದು ಕಥೆ. ಮಂಡ್ಯ, ಮೈಸೂರು ಕಡೆಯ ಎಷ್ಟೋ ಮನೆಗಳಲ್ಲಿ ಹಾಲು ‘ಆಲು’ ಆಗಿರುತ್ತದೆ, ಹಕ್ಕಿ ‘ಅಕ್ಕಿ’ ಆಗಿರುತ್ತದೆ. ಅಲ್ಲಿಂದ ಬಂದ ಮಗು ಉಕ್ತಲೇಖನದಲ್ಲಿ ‘ಹಾನೆ’ ಎಂದು ಬರೆದರೆ ಅದು ಅಜಾಗರೂಕತೆಯಲ್ಲ. ಹಕಾರ ಬಿಡಬೇಡ ಎಂದು ಬೈಸಿಕೊಂಡು, ಎಲ್ಲಿ ಬೇಕೋ ಎಲ್ಲಿ ಬೇಡವೋ ತಿಳಿಯದೆ ಆನೆಗೂ ಹಚ್ಚಿದೆ, ಅಷ್ಟೆ. ಮನೆಯಲ್ಲಿ ಲಂಬಾಣಿಯನ್ನೋ ಉರ್ದುವನ್ನೋ ತುಳುವನ್ನೋ ಆಡುವ ಮಗುವಿಗೆ ಒಂದನೇ ತರಗತಿಯ ಕನ್ನಡವೇ ಎರಡನೇ ಭಾಷೆ. ಅದರ ಮೇಲೆ ನಮ್ಮ ಲಿಪಿ. ಗುಣಿತಾಕ್ಷರ, ಒತ್ತಕ್ಷರ ಎಲ್ಲ ಸೇರಿದರೆ ಕಲಿಯಬೇಕಾದ ರೂಪಗಳು ನೂರಾರು. ಕನ್ನಡ ಓದು ಕಲಿಯುವ ಮಕ್ಕಳ ಮೇಲೆ ಬೆಂಗಳೂರಿನಲ್ಲಿ ಅಧ್ಯಯನ ನಡೆಸಿದ ಸೋನಾಲಿ ನಾಗ್, ಈ ಅಕ್ಷರ ಕಲಿಕೆ ಒಂದೆರಡು ವರ್ಷಕ್ಕೆ ಮುಗಿಯದೆ ಪ್ರಾಥಮಿಕ ಶಾಲೆಯ ಮೇಲಿನ ತರಗತಿಗಳವರೆಗೂ ನಡೆಯುತ್ತದೆ ಎಂದು ತೋರಿಸಿದ್ದಾರೆ. ಎರಡನೇ ತರಗತಿಯಲ್ಲಿ ‘ರಾಷ್ಟ್ರ’ ಓದಲು ತಡವರಿಸುವ ಮಗುವಿಗೆ ಹಣೆಪಟ್ಟಿ ಹಚ್ಚುವ ಮುನ್ನ ಇದು ಗೊತ್ತಿರಬೇಕು.

ಹಣೆಪಟ್ಟಿಯ ಭಯ ಈಗ ಹೊಸ ರೂಪದಲ್ಲಿದೆ. ಮೊದಲು ‘ದಡ್ಡ’ ಎನ್ನುತ್ತಿದ್ದರು, ಈಗ ‘ಇವನಿಗೆ ಡಿಸ್ಲೆಕ್ಸಿಯಾ ಇರಬೇಕು’ ಎನ್ನುತ್ತಾರೆ. ಹೊಂದಿಸಿ ಬರೆಯಿರಿ ಪ್ರಶ್ನೆಗಾಗಿ ಓದಿದ ಜ್ಞಾನ ಇದು: ಡಿಸ್ಲೆಕ್ಸಿಯಾ ಓದಿಗೆ, ಡಿಸ್‌ಗ್ರಾಫಿಯಾ ಬರಹಕ್ಕೆ, ಡಿಸ್‌ಕ್ಯಾಲ್ಕುಲಿಯಾ ಲೆಕ್ಕಕ್ಕೆ. ನಿರ್ದಿಷ್ಟ ಕಲಿಕಾ ನ್ಯೂನತೆ ನಿಜವಾದದ್ದು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ಬಗೆಗಳಲ್ಲಿ ಅದೂ ಒಂದು. ಗುರುತಿಸದೆ ಬಿಟ್ಟರೆ ಮಗು ಹತ್ತು ವರ್ಷ ಬೈಸಿಕೊಳ್ಳುತ್ತಲೇ ಬೆಳೆಯುತ್ತದೆ. ಆದರೆ ಅದನ್ನು ನಿರ್ಧರಿಸುವುದು ಶಿಕ್ಷಕರ ಕೆಲಸವಲ್ಲ. ಶಿಕ್ಷಕರ ಕೆಲಸ ಅದಕ್ಕಿಂತ ಮುಂಚಿನದು. ಬೋರ್ಡು ಕಾಣುತ್ತಿದೆಯೇ, ಹಿಂದಿನಿಂದ ಕರೆದರೆ ಕೇಳಿಸುತ್ತಿದೆಯೇ, ಕಳೆದ ವರ್ಷ ಎಷ್ಟು ತಿಂಗಳು ಶಾಲೆಗೆ ಬಂದಿತ್ತು, ಬಾಯಲ್ಲಿ ಕೇಳಿದರೆ ಕಥೆ ಹೇಳುತ್ತದೆಯೇ ಎಂದು ನೋಡಿ ಬರೆದಿಟ್ಟುಕೊಳ್ಳುವುದು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ತಪಾಸಣೆಗೆ ಬಂದಾಗ ಅವರ ಮುಂದೆ ಇಡಲು ಏನಾದರೂ ಬೇಕಲ್ಲ. ತಾಲ್ಲೂಕಿನಲ್ಲಿರುವ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರಿಗೆ, ಅಂದರೆ ಬಿಐಇಆರ್‌ಟಿಗಳಿಗೆ, ಹೇಳಲೂ ಅದೇ ಟಿಪ್ಪಣಿ ಬೇಕು. ‘ಸರ್, ಇವನು ವೀಕು’ ಎಂದರೆ ಅವರಾದರೂ ಏನು ಮಾಡಬೇಕು?

ಈ ವಿಷಯದಲ್ಲಿ ನಾವು ಸರಿಯಾಗಿ ಓದಬೇಕಾದ್ದು ವೈಗೊಟ್‌ಸ್ಕಿಯನ್ನು. (ಅವನೂ ಪಿಯಾಜೆಯೂ ಹುಟ್ಟಿದ್ದು 1896ರಲ್ಲಿ. ಪ್ರಶ್ನೆಯಾಗಬಹುದು, ಗುರುತು ಹಾಕಿಕೊಳ್ಳಿ.) ‘ಸಮೀಪ ವಿಕಾಸ ವಲಯ’ ಎಂಬ ಮೂರು ಪದಗಳಾಚೆ ಅವನನ್ನು ಯಾರೂ ನಮಗೆ ಪರಿಚಯಿಸಲಿಲ್ಲ. 1934ರಲ್ಲಿ ಕ್ಷಯದಿಂದ ಸಾಯುವ ಮುನ್ನ ಅವನು ದುಡಿದದ್ದರಲ್ಲಿ ದೊಡ್ಡ ಪಾಲು ಅಂಧ, ಕಿವುಡ ಮತ್ತು ಬುದ್ಧಿಮಾಂದ್ಯ ಎನ್ನಿಸಿಕೊಂಡ ಮಕ್ಕಳ ಶಿಕ್ಷಣಕ್ಕೆ. ದೇಹದ ಕೊರತೆ ಒಂದು, ಆ ಕೊರತೆಯಿಂದಾಗಿ ಸುತ್ತಲಿನವರು ಮಗುವನ್ನು ಮಾತಿನಿಂದ, ಆಟದಿಂದ, ಜೊತೆಯಿಂದ ದೂರ ಇಡುವುದು ಇನ್ನೊಂದು. ಈ ಎರಡನೆಯದೇ ಹೆಚ್ಚು ಹಾನಿ ಮಾಡುತ್ತದೆ ಮತ್ತು ಶಾಲೆ ತಡೆಯಬಹುದಾದದ್ದೂ ಅದನ್ನೇ ಎಂಬುದು ಅವನ ವಾದದ ತಿರುಳು. ಕೊನೆಯ ಬೆಂಚಿನಲ್ಲಿ ಒಂಟಿಯಾಗಿ ಕೂರಿಸಿದ ಮಗುವಿನ ಬಗ್ಗೆ ಇದಕ್ಕಿಂತ ಸ್ಪಷ್ಟವಾಗಿ ಹೇಳಿದ್ದನ್ನು ನಾನು ಬೇರೆಲ್ಲೂ ಓದಿಲ್ಲ.

ಅವನು ಹೇಳಿದ್ದು ಪುಸ್ತಕದಲ್ಲೇ ಉಳಿದಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿದ ನಲಿ-ಕಲಿಯ ಕೋಣೆಗೆ ಹೋಗಿ ನೋಡಿ. ಮಕ್ಕಳು ಕೂರುವ ‘ತಟ್ಟೆ’ಗಳಲ್ಲಿ ಮೊದಲನೆಯದು ಪೂರ್ತಿ ಶಿಕ್ಷಕರ ಬೆಂಬಲದ್ದು, ನಂತರದ್ದು ಭಾಗಶಃ ಶಿಕ್ಷಕರದ್ದು, ಆಮೇಲೆ ಗೆಳೆಯರದ್ದು, ಕೊನೆಯದು ಸ್ವಕಲಿಕೆಯದು. ಸಹಾಯ ಮೆಲ್ಲಗೆ ಕಡಿಮೆಯಾಗುತ್ತ ಮಗು ತಾನೇ ನಿಲ್ಲುವ ಈ ಕ್ರಮವನ್ನು ಕಣ್ಣಾರೆ ಕಂಡವರಿಗೆ ವೈಗೊಟ್‌ಸ್ಕಿಯನ್ನು ಬಾಯಿಪಾಠ ಮಾಡುವ ಅಗತ್ಯವೇ ಬೀಳುವುದಿಲ್ಲ. ಎಲ್ಲ ಕಡೆ ಅದು ಚೆನ್ನಾಗಿ ನಡೆಯುತ್ತಿದೆ ಎಂದಲ್ಲ. ಮೂರು ತರಗತಿಗೂ ಒಬ್ಬರೇ ಟೀಚರ್, ಅವರೂ ಇವತ್ತು ಮೀಟಿಂಗಿಗೆ ಹೋಗಿದ್ದಾರೆ ಎನ್ನುವ ಶಾಲೆಗಳನ್ನೂ ನೋಡಿದ್ದೇವೆ.

ಕಣ್ಣಾರೆ ಕಾಣಲೆಂದೇ ನಮ್ಮ ಎರಡು ವರ್ಷದ ಕೋರ್ಸಿನಲ್ಲಿ ವ್ಯಕ್ತಿ ಅಧ್ಯಯನ ಎಂಬ ರೆಕಾರ್ಡ್ ಇದೆ. ಒಂದು ಮಗುವನ್ನು ಆರಿಸಿಕೊಂಡು ಗಮನಿಸಿ ಬರೆಯಬೇಕು. ಹಾಸ್ಟೆಲ್‌ಗಳಲ್ಲಿ ಕೈಯಿಂದ ಕೈಗೆ ಹೋಗುವ ಹಳೆಯ ರೆಕಾರ್ಡ್‌ಗಳನ್ನು ತೆರೆದು ನೋಡಿ. ಒಬ್ಬ ‘ಕಲಿಕೆಯಲ್ಲಿ ಹಿಂದುಳಿದ ಬಾಲಕ’ ನಾಲ್ಕು ಬ್ಯಾಚ್‌ಗಳಿಂದ ಏಳನೇ ತರಗತಿಯಲ್ಲೇ ಇದ್ದಾನೆ. ತಂದೆ ಕೂಲಿ ಕೆಲಸ, ತಾಯಿ ಗೃಹಿಣಿ, ಪರಿಹಾರ: ಹೆಚ್ಚಿನ ಗಮನ ಮತ್ತು ಪ್ರೋತ್ಸಾಹ. ಹೆಸರು ಮಾತ್ರ ವರ್ಷಕ್ಕೊಮ್ಮೆ ಬದಲಾಗುತ್ತದೆ. ರೆಕಾರ್ಡಿಗೆ ಸಹಿ ಬೀಳುತ್ತದೆ, ಅಂಕವೂ ಬರುತ್ತದೆ. ನಕಲು ಮಾಡಿದವರಿಗಿಂತ, ಒಂದೇ ಹುಡುಗನ ಕಥೆಗೆ ನಾಲ್ಕು ವರ್ಷ ಸಹಿ ಹಾಕಿದವರ ಮೇಲೆ ನನಗೆ ಹೆಚ್ಚು ಸಿಟ್ಟು.

ಈ ರೆಕಾರ್ಡನ್ನು ತೆಗೆದುಹಾಕಿ ಅದರ ಬದಲು ಹತ್ತು ತಪ್ಪು ಉತ್ತರಗಳನ್ನು ಕೇಳಲಿ. ಒಂದೇ ಮಗುವಿನವು, ತಾರೀಕು ಸಮೇತ, ಅದರದೇ ಕೈಬರಹದಲ್ಲಿ. ಜೊತೆಗೆ ‘ಹೇಗೆ ಮಾಡಿದೆ ಪುಟ್ಟಾ?’ ಎಂದು ಕೇಳಿದಾಗ ಅದು ಹೇಳಿದ ಮಾತು. ಇದನ್ನು ಸೀನಿಯರ್ ರೆಕಾರ್ಡ್‌ನಿಂದ ಇಳಿಸಿಕೊಳ್ಳುವುದು ಕಷ್ಟ. ಲಕ್ಷಾಂತರ ಜನ ಬರೆಯುವ ಒಎಂಆರ್ ಪರೀಕ್ಷೆಯಲ್ಲಿ ಇಂಥದ್ದೆಲ್ಲ ಅಳೆಯಲಾಗದು ಎನ್ನುವ ಮಾತನ್ನು ನಾನು ಅರ್ಧ ಒಪ್ಪುತ್ತೇನೆ. ಗಮನಿಸುವ ಅಭ್ಯಾಸವನ್ನು ಅಳೆಯಲಾಗದು ನಿಜ, ಆದರೆ ಮಗುವೊಂದನ್ನು ಪ್ರಶ್ನೆಯೊಳಗೆ ತರಬಹುದು. ಕೇಂದ್ರದ ಸಿಟಿಇಟಿಯಲ್ಲಿ ಇದೇ 30ರಲ್ಲಿ 5 ಪ್ರಶ್ನೆಗಳು ಸಮನ್ವಯ ಶಿಕ್ಷಣ ಮತ್ತು ವಿಶೇಷ ಅಗತ್ಯದ ಮಕ್ಕಳಿಗೇ ಮೀಸಲು. ಸನ್ನಿವೇಶ ಕೊಟ್ಟು ಕೇಳುವುದು ಅಸಾಧ್ಯವೇನಲ್ಲ.

ಅದನ್ನು ಪರೀಕ್ಷಿಸಲೆಂದೇ ಕಳೆದ ವಾರ ಒಂದು ಪ್ರಶ್ನೆ ಬರೆದು ನಮ್ಮ ಓದಿನ ಗುಂಪಿಗೆ ಕೊಟ್ಟೆ. ‘ನೂರ ಐದು’ ಎಂದರೆ 1005, ‘ಇನ್ನೂರ ಹತ್ತು’ ಎಂದರೆ 20010 ಬರೆಯುವ ಮೂರನೇ ತರಗತಿಯ ಹುಡುಗಿಗೆ ನೀವು ಮೊದಲು ಏನು ಮಾಡುತ್ತೀರಿ? ಅ) ಸರಿಯಾದ ರೂಪವನ್ನು ಹತ್ತು ಸಲ ಬರೆಸುತ್ತೇನೆ. ಆ) ಡಿಸ್‌ಕ್ಯಾಲ್ಕುಲಿಯಾ ಇರಬಹುದೆಂದು ಪೋಷಕರಿಗೆ ತಿಳಿಸುತ್ತೇನೆ. ಇ) ನೂರರ ಕಟ್ಟು, ಹತ್ತರ ಕಟ್ಟು, ಬಿಡಿ ಕಡ್ಡಿ ಕೊಟ್ಟು ಆ ಸಂಖ್ಯೆಯನ್ನು ಜೋಡಿಸಲು ಹೇಳುತ್ತೇನೆ. ಈ) ಅವಳು ಬರೆದದ್ದನ್ನು ಅವಳಿಂದಲೇ ಓದಿಸುತ್ತೇನೆ. ಇಬ್ಬರು ಇ ಎಂದರು, ಒಬ್ಬಳು ಈ ಎಂದು ಹಟ ಹಿಡಿದಳು. ಓದಿಸದೆ ಕಡ್ಡಿ ಕೊಟ್ಟರೆ ಅವಳ ತಲೆಯಲ್ಲಿ ಏನಿತ್ತು ಎಂದು ಗೊತ್ತಾಗುವುದೇ ಇಲ್ಲ ಎಂಬುದು ಅವಳ ವಾದ. ಅಷ್ಟು ಹೊತ್ತು ಸುಮ್ಮನಿದ್ದ ಇನ್ನೊಬ್ಬಳು, ‘ಆ ಹುಡುಗಿ ಮನೇಲಿ ಯಾವ ಭಾಷೆ ಮಾತಾಡ್ತಾಳೆ?’ ಎಂದು ಕೇಳಿದಳು. ವಾದ ಮತ್ತೆ ಮೊದಲಿನಿಂದ ಶುರುವಾಯಿತು. ಮೆಸ್ಸಿನ ಅಣ್ಣ ಎರಡು ಸಲ ಬಂದು ಊಟಕ್ಕೆ ಕರೆದು ಹೋದರು.