ಒಂದೂ ಮೂವತ್ತರ ಫೋನು, ಎರಡು ವಾರ

ಮೊದಲೇ ಹೇಳಿಬಿಡ್ತೀನಿ, ಫೋನು ನನ್ನದಲ್ಲ. ನಮ್ಮ ಆ್ಯಪ್ ಟೆಸ್ಟಿಂಗಿಗೆ ಅಂತ ಆಫೀಸಿನವರು ತರಿಸಿದ್ದು. ರಿಜಿಸ್ಟರಿನಲ್ಲಿ ಸಹಿ ಮಾಡಿ ಎರಡು ವಾರದ ಮಟ್ಟಿಗೆ ಮನೆಗೆ ತಂದಿದ್ದೆ. ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್25 ಅಲ್ಟ್ರಾ. 2025ರ ಜನವರಿ 22ಕ್ಕೆ ಬಿಡುಗಡೆಯಾಗಿ ಫೆಬ್ರವರಿಯಲ್ಲಿ ನಮ್ಮ ಅಂಗಡಿಗಳಿಗೆ ಬಂದದ್ದು. 256 ಜಿಬಿ ಮಾಡೆಲ್ಲಿಗೆ ಬಿಡುಗಡೆಯ ಹೊತ್ತಿಗೆ 1,29,999 ರೂಪಾಯಿ ಇತ್ತು. ಒಂದು ರೂಪಾಯಿ ಕಡಿಮೆ ಮಾಡಿ ಯಾರನ್ನು ಏಮಾರಿಸ್ತಾರೋ ಗೊತ್ತಿಲ್ಲ, ನಾನಂತೂ ಅದನ್ನ ಒಂದೂ ಮೂವತ್ತು ಅಂತಲೇ ಕರೆಯೋದು.

ಇಷ್ಟು ಆಸಕ್ತಿ ಯಾಕೆ ಅಂದ್ರೆ, ನನ್ನ ಸ್ವಂತ ಫೋನಿಗೆ ಮೂರು ವರ್ಷ ತುಂಬಿದೆ. ಸಂಜೆ ಆರಕ್ಕೆಲ್ಲ ಬ್ಯಾಟರಿ ಕೈ ಎತ್ತುತ್ತೆ. ಹೊಸದು ತಗೋಬೇಕು, ತಗೊಳ್ಳೋದಾದ್ರೆ ಒಂದೇ ಸಲ ಒಳ್ಳೇದನ್ನೇ ತಗೊಂಡುಬಿಡೋಣ ಅನ್ನೋ ಆಸೆ ಸುಮಾರು ದಿನದಿಂದ ಇತ್ತು. ಬಡ್ಡಿಯಿಲ್ಲದ 24 ಕಂತು ಅಂತ ಹಿಡಿದರೂ ತಿಂಗಳಿಗೆ 5,417 ರೂಪಾಯಿ. ಊರಲ್ಲಿರೋ ಅಮ್ಮನಿಗೆ ನಾನು ತಿಂಗಳು ತಿಂಗಳು ಕಳಿಸೋದು ಐದು ಸಾವಿರ. ಈ ಎರಡು ಅಂಕಿಗಳನ್ನ ಅಕ್ಕಪಕ್ಕ ಬರೆದು ನೋಡಿದ ಮೇಲೆ ರಿವ್ಯೂ ವಿಡಿಯೋಗಳನ್ನ ನಂಬಿ ಕೂರೋಕೆ ಮನಸ್ಸಾಗಲಿಲ್ಲ. ಕೈಯಲ್ಲಿ ಹಿಡಿದೇ ನೋಡಬೇಕು ಅನ್ನಿಸ್ತು.

ಒಳ್ಳೇದನ್ನ ಮೊದಲು ಹೇಳೋಣ. ಪರದೆ. ಅಂಕಿಅಂಶದಲ್ಲಿ 6.9 ಇಂಚು, 120 ಹರ್ಟ್ಸ್ ಅಂತೆಲ್ಲ ಇದೆ, ಬಿಡಿ. ನಿಜವಾದ ವಿಷಯ ಆ ಗಾಜಿನದ್ದು. ಗೊರಿಲ್ಲಾ ಆರ್ಮರ್ 2 ಅಂತಾರೆ, ಬೆಳಕು ಪ್ರತಿಫಲಿಸೋದನ್ನ ತಗ್ಗಿಸುತ್ತೆ. ದೊಡ್ಡನೆಕ್ಕುಂದಿ ಸರ್ಕಲ್ಲಿನಲ್ಲಿ, ಮೆಟ್ರೋ ಕಾಮಗಾರಿಯ ಧೂಳಿನ ನಡುವೆ, ಮಧ್ಯಾಹ್ನದ ಬಿಸಿಲಿಗೆ ಬಸ್ ಕಾಯ್ತಾ ನಿಂತು ಕ್ಯಾಬ್ ಬುಕ್ ಮಾಡೋಕೆ ಹೋದೋರಿಗೆ ಇದರ ಬೆಲೆ ಗೊತ್ತಾಗುತ್ತೆ. ನನ್ನ ಹಳೇ ಫೋನಿನಲ್ಲಿ ಅಂಥ ಹೊತ್ತಲ್ಲಿ ನನ್ನ ಮುಖವೇ ಕಾಣೋದು. ಇದರಲ್ಲಿ ಓಟಿಪಿ ಕಾಣ್ತು.

ಕ್ಯಾಮೆರಾ ಬಗ್ಗೆ ಎಲ್ಲರೂ 200 ಮೆಗಾಪಿಕ್ಸೆಲ್ ಅಂತ ಕೂಗ್ತಾರೆ. ನನಗೆ ಇಷ್ಟವಾಗಿದ್ದು ಐದು ಪಟ್ಟು ಹತ್ತಿರ ಎಳೆಯೋ 50 ಮೆಗಾಪಿಕ್ಸೆಲ್ ಲೆನ್ಸು. ಭಾನುವಾರ ಬೆಳಗ್ಗೆ ದೊಡ್ಡನೆಕ್ಕುಂದಿ ಕೆರೆಗೆ ವಾಕಿಂಗ್ ಹೋಗಿದ್ದಾಗ ಕೊರಡಿನ ಮೇಲೆ ರೆಕ್ಕೆ ಒಣಗಿಸ್ತಾ ಕೂತಿದ್ದ ನೀರುಕಾಗೆಯ ಫೋಟೋ ತೆಗೆದೆ. ಕಣ್ಣಿನ ಬಣ್ಣ ಸಹ ಬಂತು. ಫ್ಯಾಮಿಲಿ ಗ್ರೂಪಿಗೆ ಹಾಕಿದರೆ ಚಿಕ್ಕಪ್ಪ, 'ಇದು ನೀನು ತೆಗೆದದ್ದಾ?' ಅಂತ ಎರಡು ಸಲ ಕೇಳಿದ್ರು. ಹಿಂದಿನ ಮಾಡೆಲ್ಲಿನಲ್ಲಿ 12 ಮೆಗಾಪಿಕ್ಸೆಲ್ ಇದ್ದ ಅಗಲದ ಲೆನ್ಸನ್ನ ಈ ಸಲ 50ಕ್ಕೆ ಏರಿಸಿದ್ದಾರೆ. ಮೂರು ಪಟ್ಟಿನದು ಮಾತ್ರ ಅದೇ ಹತ್ತರಲ್ಲೇ ನಿಂತಿದೆ.

ಇನ್ನು ಕೊರತೆ. 2020ರಲ್ಲಿ ಎಸ್20 ಅಲ್ಟ್ರಾ ಬಂದಾಗ ಅದರಲ್ಲಿದ್ದದ್ದು 5,000 ಎಂಎಎಚ್ ಬ್ಯಾಟರಿ, 45 ವ್ಯಾಟ್ ಚಾರ್ಜಿಂಗ್. ಐದು ವರ್ಷ ಆದ್ಮೇಲೆ ಇದರಲ್ಲೂ ಅದೇ 5,000, ಅದೇ 45. ಚಾರ್ಜರ್ ಡಬ್ಬದಲ್ಲಿಲ್ಲ, ಬೇರೆ ಕೊಳ್ಳಬೇಕು. ಅದೇ ಜನವರಿಯಲ್ಲಿ ಬಂದ ಒನ್‌ಪ್ಲಸ್ 13ರಲ್ಲಿ 6,000 ಎಂಎಎಚ್, 100 ವ್ಯಾಟ್, ಬಿಡುಗಡೆ ಹೊತ್ತಿನ ಬೆಲೆ 69,999. ಹೊಸ ಚಿಪ್ಪು ಕರೆಂಟು ಉಳಿಸುತ್ತೆ ನಿಜ, ನನಗೂ ರಾತ್ರಿ ಮಲಗೋವರೆಗೆ ಚಾರ್ಜ್ ಬಂತು. ಆದರೆ ಅರವತ್ತು ಸಾವಿರ ಜಾಸ್ತಿ ಕೊಟ್ಟೋನು ಐದು ವರ್ಷದ ಹಿಂದಿನ ಅಂಕಿ ನೋಡಿ ಸಮಾಧಾನ ಮಾಡ್ಕೋಬೇಕು ಅಂದ್ರೆ ಕಷ್ಟ.

ಎಸ್ ಪೆನ್ನಿನಿಂದ ಬ್ಲೂಟೂತ್ ಕಿತ್ತುಹಾಕಿದ್ದಾರೆ. ಮೊದಲು ಫೋನನ್ನ ದೂರದಲ್ಲಿಟ್ಟು ಪೆನ್ ಒತ್ತಿ ಗ್ರೂಪ್ ಫೋಟೋ ತೆಗೀಬಹುದಿತ್ತು. ಬಳಸೋರು ತೀರಾ ಕಡಿಮೆ ಅನ್ನೋದು ಕಂಪನಿಯ ಸಮಜಾಯಿಷಿ. ಇರಬಹುದು. ಆದರೆ ಬೆಲೆ ಇಳಿಸಲಿಲ್ಲವಲ್ಲ, ಎಸ್24 ಅಲ್ಟ್ರಾಗೂ ಬಿಡುಗಡೆ ದಿನ ಇದೇ 1,29,999.

ಈಗ ನನ್ನನ್ನ ನಿಜವಾಗಿ ಕಾಡಿದ ವಿಷಯಕ್ಕೆ ಬರ್ತೀನಿ.

ನಮ್ಮ ಓನರ್ ಆಂಟಿಗೆ ಕನ್ನಡ, ತೆಲುಗು ಬರುತ್ತೆ. ಮೇಲಿನ ಮನೆಗೆ ಹೊಸದಾಗಿ ಬಂದಿರೋ ಹುಡುಗಿಗೆ ಹಿಂದಿ, ಇಂಗ್ಲಿಷ್. ಸಂಪು ತುಂಬಿದ ಮೇಲೆ ಮೋಟರ್ ಆಫ್ ಮಾಡೋ ವಿಷಯದಲ್ಲಿ ಇಬ್ಬರಿಗೂ ದಿನಾ ಕೈಸನ್ನೆಯ ಜಗಳ. ಈ ಫೋನಿನ ದೊಡ್ಡ ಹೆಮ್ಮೆಯೇ ಗ್ಯಾಲಕ್ಸಿ ಎಐ. ಅದರಲ್ಲಿ ಲೈವ್ ಟ್ರಾನ್ಸ್‌ಲೇಟ್, ಅಂದ್ರೆ ನೀವು ಒಂದು ಭಾಷೇಲಿ ಮಾತಾಡಿದ್ರೆ ಆ ಕಡೆಯೋರಿಗೆ ಅವರ ಭಾಷೇಲಿ ಕೇಳಿಸುತ್ತೆ. ಜಗಳ ಬಿಡಿಸೋ ಪುಣ್ಯ ನನಗೇ ಸಿಗಲಿ ಅಂತ ಭಾಷೆಗಳ ಪಟ್ಟಿ ತೆರೆದೆ. ಹಿಂದಿ ಇತ್ತು. ಥಾಯ್, ವಿಯೆಟ್ನಾಮೀಸ್, ಪೋಲಿಷ್, ಸ್ವೀಡಿಷ್ ಇತ್ತು. ಕನ್ನಡ ಇರಲಿಲ್ಲ. ತೆಲುಗೂ ಇಲ್ಲ.

ಇಲ್ಲದೇ ಇರೋದು ಹೊಸ ವಿಷಯವೇನಲ್ಲ, ನಮಗೆ ಅಭ್ಯಾಸವಾಗಿದೆ. ಆದರೆ ಸ್ಯಾಮ್‌ಸಂಗ್‌ನ ಬೆಂಗಳೂರು ಸಂಶೋಧನಾ ಕೇಂದ್ರ ಇರೋದೆಲ್ಲಿ ಗೊತ್ತಾ? ಇದೇ ದೊಡ್ಡನೆಕ್ಕುಂದಿ ಸರ್ಕಲ್ಲಿನ ಬಾಗ್ಮನೆ ಕಾನ್‌ಸ್ಟೆಲೇಷನ್ ಪಾರ್ಕಿನಲ್ಲಿ. ಕಂಪನಿಯೇ ಹೇಳಿಕೊಳ್ಳುವಂತೆ ಕೊರಿಯಾದ ಹೊರಗೆ ಅದರ ಅತಿ ದೊಡ್ಡ ಆರ್ ಅಂಡ್ ಡಿ ಕೇಂದ್ರ. ಗ್ಯಾಲಕ್ಸಿ ಎಐಗೆ ಹಿಂದಿ ಕಲಿಸಿದ್ದೂ ಇಲ್ಲಿನೋರೇ. ಹಿಂದಿಯ ಇಪ್ಪತ್ತಕ್ಕೂ ಹೆಚ್ಚು ಪ್ರಾದೇಶಿಕ ರೂಪಗಳನ್ನ ಗಮನಿಸಿ, ವೆಲ್ಲೂರಿನ ವಿಐಟಿ ಜೊತೆ ಸೇರಿ ಮಾತಿನ ಮಾದರಿಗಳನ್ನ ಕೂಡಿಹಾಕಿದ್ರು. ಥಾಯ್, ವಿಯೆಟ್ನಾಮೀಸ್, ಇಂಡೋನೇಷ್ಯನ್ ಭಾಷೆಗಳ ಕೆಲಸಕ್ಕೂ ಇಲ್ಲಿಂದಲೇ ಕೈಜೋಡಿಸಿದ್ದಾರೆ. ನಮ್ಮ ಓಣಿಯಿಂದ ನಡ್ಕೊಂಡು ಹೋಗಬಹುದಾದ ಕಟ್ಟಡದಲ್ಲಿ ಫೋನು ಇಷ್ಟೆಲ್ಲ ಕಲಿತು, ಗೇಟಿನಾಚೆ ಎಳನೀರು ಮಾರೋರ ಮಾತು ಮಾತ್ರ ಕಲಿಯದೆ ಅಂಗಡಿಗೆ ಬಂತು.

ಅಲ್ಲಿನ ಎಂಜಿನಿಯರುಗಳನ್ನ ದೂರೋದ್ರಲ್ಲಿ ಅರ್ಥವಿಲ್ಲ. ಯಾವ ಭಾಷೆ ಮೊದಲು ಅನ್ನೋದನ್ನ ಮಾರುಕಟ್ಟೆ ಲೆಕ್ಕ ನೋಡೋರು ತೀರ್ಮಾನಿಸ್ತಾರೆ. ಅವರ ಲೆಕ್ಕದಲ್ಲಿ ಒಂದೂ ಮೂವತ್ತು ಕೊಡೋ ಕನ್ನಡಿಗನಿಗೆ ಹೇಗೂ ಇಂಗ್ಲಿಷ್ ಬರುತ್ತೆ. ಬರುತ್ತೆ, ಸರಿ. ನನಗೆ ಬೇಕಾಗಿದ್ದದ್ದು ಆಂಟಿಗೋಸ್ಕರ.

ಕೊನೆಗೆ ಮಾಡಿದ್ದೇನು ಅಂದ್ರೆ ಗೂಗಲ್ ಟ್ರಾನ್ಸ್‌ಲೇಟ್ ತೆರೆದೆ. ಅದರಲ್ಲಿ 2011ರಿಂದ ಕನ್ನಡ ಇದೆ. ಪಕ್ಕದ ಬಟನ್ ಒತ್ತಿ ಹಿಡಿದರೆ ಬರೋ ಜೆಮಿನಿಯ ಲೈವ್ ಕೂಡ 2024ರ ಅಕ್ಟೋಬರಿನಲ್ಲಿ ಘೋಷಣೆಯಾದ ಒಂಬತ್ತು ಭಾರತೀಯ ಭಾಷೆಗಳ ಪೈಕಿ ಕನ್ನಡಕ್ಕೂ ಜಾಗ ಕೊಟ್ಟಿದೆ. 'ಮೋಟರ್ ಹಂಗೇ ಬಿಟ್ರೆ ಸುಟ್ಟೋಗ್ತದೆ ಕಣಮ್ಮ' ಅನ್ನೋದು ಹಿಂದಿಯಾಗಿ ಹೊರಟಿತು. ಆದರೆ ಯೋಚನೆ ಮಾಡಿ, ಇದೇ ಟ್ರಾನ್ಸ್‌ಲೇಟ್ ಹನ್ನೆರಡು ಸಾವಿರದ ಫೋನಿನಲ್ಲೂ ಪುಕ್ಕಟೆ ಇದೆ. ಮತ್ತೆ ದುಬಾರಿ ಎಐಗೆ ನಾನು ದುಡ್ಡು ಕೊಡೋದು ಯಾತಕ್ಕೆ?

ಏಳು ವರ್ಷ ಅಪ್‌ಡೇಟ್ ಕೊಡ್ತೀವಿ ಅನ್ನೋ ಮಾತು ಇದೆ, ಅದು ದೊಡ್ಡದೇ. ಪೂರ್ತಿ ಏಳು ವರ್ಷ ಬಳಸಿದರೆ ವರ್ಷಕ್ಕೆ ಹದಿನೆಂಟೂವರೆ ಸಾವಿರ ಬೀಳುತ್ತೆ. ನನ್ನ ಮೂವತ್ತು ಸಾವಿರದ ಫೋನು ಮೂರು ವರ್ಷಕ್ಕೆ, ವರ್ಷಕ್ಕೆ ಹತ್ತು. ಹಕ್ಕಿ ಫೋಟೋ ಹುಚ್ಚಿರೋರು, ದಿನವಿಡೀ ಬಿಸಿಲಲ್ಲಿ ಕೆಲಸ ಮಾಡೋರು, ಫೋನಿನಲ್ಲೇ ವಿಡಿಯೋ ಮಾಡಿ ದುಡಿಯೋರು ತಗೊಳ್ಳಲಿ, ಮೋಸವಿಲ್ಲ. ಎಸ್24 ಅಲ್ಟ್ರಾ ಇರೋರು ಬದಲಾಯಿಸೋ ಅಗತ್ಯ ನನಗೆ ಕಾಣಲಿಲ್ಲ.

ಸೋಮವಾರ ಫೋನು ವಾಪಸ್ ಕೊಟ್ಟು, ಹಳೇದಕ್ಕೆ ಮಾರತ್ತಹಳ್ಳಿಯಲ್ಲಿ ಹೊಸ ಬ್ಯಾಟರಿ ಹಾಕಿಸಿದೆ. ಎರಡು ಸಾವಿರದೊಳಗೆ ಮುಗೀತು. ಮೊನ್ನೆ ಮೆಟ್ಟಿಲಲ್ಲಿ ಸಿಕ್ಕ ಆಂಟಿ, 'ಆ ದೊಡ್ ಫೋನ್ ಎಲ್ಲಪ್ಪ?' ಅಂದ್ರು. ಕೊಟ್ಬಿಟ್ಟೆ ಆಂಟಿ ಅಂದೆ. 'ಹೋಗ್ಲಿ ಬಿಡು, ಆ ಹುಡುಗೀನೇ ಈಗ ಮೋಟರ್ ಆಫ್ ಮಾಡ್ದೆ ಆಂಟಿ ಅಂತ ಕೂಗಿ ಹೇಳ್ತಾಳೆ' ಅಂದು ಗೇಟ್ ಹಾಕ್ಕೊಂಡು ಹೋದ್ರು.