ಕೀಲಿಕೈ ಕಳುವಾದಾಗ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಎಷ್ಟೋ ಮನೆಗಳ ಮಕ್ಕಳು ಇಂದು ದೂರದ ನಗರಗಳಲ್ಲಿ ದುಡಿಯುತ್ತಿದ್ದಾರೆ. ಅವರಲ್ಲಿ ಕೆಲವರು ಉಳಿತಾಯದ ಒಂದು ಪಾಲನ್ನು ಬಿಟ್‌ಕಾಯಿನ್ ಮೊದಲಾದ ಕ್ರಿಪ್ಟೊ ನಾಣ್ಯಗಳಲ್ಲಿ ತೊಡಗಿಸಿರಬಹುದು. ಮನೆಯ ಹಿರಿಯರಿಗೆ ಆ ಸಂಗತಿ ತಿಳಿಯುವುದು ಬಹುಮಟ್ಟಿಗೆ ಹಣ ಹೋದ ಮೇಲೆಯೇ. ಆದುದರಿಂದ ಈ ವಿಷಯವನ್ನು ಮನೆಮಂದಿಯೆಲ್ಲ ಅರಿತಿರುವುದು ಲೇಸು.

ಈ ನಾಣ್ಯಗಳ ‘ವಾಲೆಟ್’ ಹೆಸರಿಗೆ ಹಣದ ಚೀಲ. ವಾಸ್ತವವಾಗಿ ಅದರೊಳಗಿರುವುದು ಕೀಲಿಕೈ ಮಾತ್ರ. ಸಾಮಾನ್ಯವಾಗಿ 12 ಅಥವಾ 24 ಪದಗಳ ಗುಟ್ಟಿನ ಸಾಲೊಂದು ಅದಕ್ಕೆ ಮೂಲ. ಆ ಪದಗಳನ್ನು ತಿಳಿದವನು ಎಲ್ಲಿದ್ದರೂ ಹಣವನ್ನು ಸಾಗಿಸಬಲ್ಲನು. ಹೋದುದನ್ನು ಮರಳಿ ತರಿಸುವ ಬ್ಯಾಂಕು ಇಲ್ಲಿಲ್ಲ.

2025ರ ಜುಲೈ ತಿಂಗಳಲ್ಲಿ ಕಾಯಿನ್‌ಡಿಸಿಎಕ್ಸ್ ಎಂಬ ವಿನಿಮಯ ಸಂಸ್ಥೆ ಸುಮಾರು 4 ಕೋಟಿ 40 ಲಕ್ಷ ಡಾಲರ್ ಕಳೆದುಕೊಂಡಿತು. ಬೆಂಗಳೂರು ಪೊಲೀಸರಿಗೆ ಸಲ್ಲಿಸಿದ ದೂರಿನ ಪ್ರಕಾರ, ನಡುರಾತ್ರಿ ಕಳೆದ ಮೇಲೆ ಮೊದಲು ಹೊರಹೋದದ್ದು ಒಂದೇ ಒಂದು ನಾಣ್ಯ. ದೊಡ್ಡ ಗಂಟು ಹೋದದ್ದು ಬೆಳಗಾದ ಮೇಲೆ. ಕಳ್ಳನು ಮೊದಲು ಕೀಲಿಕೈ ತಿರುಗುವುದೋ ಇಲ್ಲವೋ ಎಂದು ನೋಡುತ್ತಾನೆ. ಆದಕಾರಣ ತಾನು ಕಳುಹಿಸದ ಅಲ್ಪ ಮೊತ್ತವೊಂದು ಹೊರಹೋಗಿದ್ದರೆ ಅದನ್ನು ಕ್ಷುಲ್ಲಕವೆಂದು ಬಿಡಲಾಗದು. ನೆನಪಿಲ್ಲದ ಅನುಮತಿ ಕಂಡುಬಂದರೆ, ಶುಲ್ಕಕ್ಕೆಂದು ಹಾಕಿದ ಹಣ ಕ್ಷಣದಲ್ಲೇ ಮಾಯವಾದರೆ, ಅವೂ ಅಪಾಯದ ಕುರುಹುಗಳೇ.

ಆಗ ವಾಲೆಟ್‌ನ ಪಾಸ್‌ವರ್ಡ್ ಬದಲಿಸಿದರೆ ಸಾಲದು. ಅದು ಫೋನಿನ ಬಾಗಿಲಿಗೆ ಹಾಕಿದ ಬೀಗವಷ್ಟೆ. ಗುಟ್ಟಿನ ಪದಗಳು ಕಳ್ಳನ ಕೈಯಲ್ಲೇ ಉಳಿದಿರುತ್ತವೆ. ಶಂಕೆಯಿಲ್ಲದ ಬೇರೊಂದು ಸಾಧನದಲ್ಲಿ ಹೊಸ ಪದಗಳಿಂದ ಹೊಸ ವಾಲೆಟ್ ತೆರೆದು, ಉಳಿದುದನ್ನು, ಅದರಲ್ಲೂ ಹೆಚ್ಚು ಬೆಲೆಯದನ್ನು ಮೊದಲು, ಅಲ್ಲಿಗೆ ಸಾಗಿಸಬೇಕು. ಹಣ ವಿನಿಮಯ ಸಂಸ್ಥೆಯಲ್ಲಿದ್ದರೆ ಖಾತೆಯನ್ನು ಕೂಡಲೇ ತಡೆಹಿಡಿಸಬೇಕು. ವ್ಯವಹಾರದ ಸಂಖ್ಯೆ, ವೇಳೆ, ಹಣ ಹೋದ ವಿಳಾಸ ಇವುಗಳನ್ನು ಬರೆದಿಟ್ಟುಕೊಂಡು 1930ಕ್ಕೆ ಕರೆಮಾಡಿ, ಜಿಲ್ಲೆಯ ಸೈಬರ್ ಅಪರಾಧ ಠಾಣೆಯಲ್ಲಿ ದೂರು ಕೊಡಬೇಕು. ಕಳೆದುದನ್ನು ಮರಳಿ ಕೊಡಿಸುವೆನೆಂದು ಮುಂಗಡವನ್ನೋ ಗುಟ್ಟಿನ ಪದಗಳನ್ನೋ ಕೇಳಿ ಬರುವವನು ಎರಡನೆಯ ಕಳ್ಳನೆಂದೇ ತಿಳಿಯಬೇಕು.

ಹಿರಿಯರಲ್ಲಿ ಒಂದು ವಿನಂತಿ. ಬೈಗುಳಕ್ಕೆ ಅಂಜಿ ಮಗನೋ ಮಗಳೋ ಮುಚ್ಚಿಟ್ಟ ಪ್ರತಿಯೊಂದು ಗಳಿಗೆಯೂ ಕಳ್ಳನಿಗೆ ದೊರೆತ ಬಿಡುವು. ಆ ಗಳಿಗೆಯಲ್ಲಿ ಮೊದಲು ಕೇಳಬೇಕಾದುದು ‘ಏಕೆ ಹಾಕಿದೆ?’ ಎಂದಲ್ಲ, ‘ಇನ್ನೆಷ್ಟು ಉಳಿದಿದೆ?’ ಎಂದು.